ಫಯೆಂಜಾದ ಸೆರಾಮಿಕ್ಸ್ ಮ್ಯೂಸಿಯಂಗೆ ಒಂದು ದಿನ ಕೊಡಬಹುದಾ?

ಮಲೆನಾಡಹುಡುಗಿ:
ಸೆಪ್ಟೆಂಬರ್‌ನಲ್ಲಿ ಇಟಲಿಗೆ ಹೋಗ್ತಿದ್ದೇವೆ. ಬೊಲೊನ್ಯಾ ಮುಗಿಸಿ ರವೆನ್ನಾಗೆ ಹೋಗುವ ಮಧ್ಯೆ ಒಂದು ದಿನ ಖಾಲಿ ಇದೆ. ಫಯೆಂಜಾದಲ್ಲಿ ಇಡೀ ಪ್ರಪಂಚದ ಪಿಂಗಾಣಿ, ಮಡಕೆ-ಕುಡಿಕೆ ಇಟ್ಟಿರುವ ದೊಡ್ಡ ಮ್ಯೂಸಿಯಂ ಇದೆಯಲ್ವಾ, ನನಗೆ ಅಲ್ಲಿಗೆ ಹೋಗಲು ತುಂಬಾ ಆಸೆ. ಮನೆಯವರು ಮಾತ್ರ ಬರೀ ತಟ್ಟೆ-ಲೋಟ ನೋಡೋಕೆ ಒಂದು ದಿನ ಯಾಕೆ ಅಂತಾರೆ. ಹೋಗಿ ಬಂದವರು ಇದ್ದರೆ ಹೇಳಿ, ಏನನ್ನು ತಪ್ಪದೆ ನೋಡಬೇಕು?

ಜೇಡಿಮಣ್ಣು:
ಖಂಡಿತ ಹೋಗಿ. ರಿಮಿನಿ ಕಡೆ ಹೋಗುವ ರೈಲಿನಲ್ಲಿ ಬೊಲೊನ್ಯಾದಿಂದ ಮುಕ್ಕಾಲು ಗಂಟೆಯ ದಾರಿ, ಸ್ಟೇಷನ್ನಿಂದ ನಡೆದೇ ಹೋಗಬಹುದು. ನಾನು ಕುಂಬಾರಿಕೆ ಕಲಿಯುತ್ತಿರುವವಳು, ಹಾಗಾಗಿ ಒಂದು ಮಾತು: ಬಿಳಿ ಬಣ್ಣದ ಜಾಡು ಹಿಡಿದು ನೋಡಿ. ಚೀನಾದ ಬಿಳಿ ಪಾತ್ರೆಗಳನ್ನು ನೋಡಿ ಇರಾಕಿನ ಕುಂಬಾರರು ಮನಸೋತರು, ಆದರೆ ಅವರ ಹತ್ತಿರ ಅಂಥ ಮಣ್ಣಿರಲಿಲ್ಲ, ಅದಕ್ಕೆ 9ನೇ ಶತಮಾನದಲ್ಲಿ ಗ್ಲೇಜಿಗೆ, ಅಂದರೆ ಪಾತ್ರೆಗೆ ಬಳಿದು ಬೇಯಿಸಿದಾಗ ಗಾಜಿನಂತಾಗುವ ಲೇಪಕ್ಕೆ, ತವರದ ಬೂದಿ ಬೆರೆಸಿ ತಮ್ಮ ಮಾಮೂಲಿ ಮಣ್ಣಿಗೇ ಬಿಳಿ ಹೊದಿಕೆ ಕೊಟ್ಟರು. ಆ ವಿದ್ಯೆ ಸ್ಪೇನಿಗೆ ಬಂತು, ಇಟಲಿಗೂ ಬಂತು. ಈ ಜಾಡು ಗೊತ್ತಿದ್ದರೆ ಚೀನಾ, ಪರ್ಷಿಯಾ, ಇಟಲಿ ಕೋಣೆಗಳು ಬಿಡಿಬಿಡಿ ಅನ್ನಿಸಲ್ಲ.

ಇಟಲಿಯ ಮಾಯೋಲಿಕಾ ತಟ್ಟೆಗಳನ್ನು, ಅಂದರೆ ಈ ಬಿಳಿ ಗ್ಲೇಜಿನ ಮೇಲೆ ಚಿತ್ರ ಬರೆದ ತಟ್ಟೆಗಳನ್ನು, ಗಾಜಿನ ಹತ್ತಿರ ನಿಂತು ನೋಡಿ. ಬೇಯಿಸುವ ಮುಂಚೆ ಒಣಗಿದ ಗ್ಲೇಜ್ ಬರೀ ಪುಡಿ, ಕುಂಚ ತಾಗಿದ ಕೂಡಲೇ ಬಣ್ಣ ಹೀರಿಕೊಳ್ಳುತ್ತದೆ. ಗೆರೆ ತಪ್ಪಿದರೆ ಅಳಿಸೋಕಾಗಲ್ಲ. ಅಂಚಿನ ನೀಲಿ ಎಲೆಗಳಲ್ಲಿ ಕುಂಚ ಒತ್ತಿದ ಕಡೆ ಕಡು ನೀಲಿ, ಎತ್ತಿದ ಕಡೆ ತೆಳು. ಐನೂರು ವರ್ಷದ ಹಿಂದಿನ ಕೈಯ ವೇಗ ಹಾಗೇ ಕಾಣುತ್ತೆ!

ಊರುಸುತ್ತುವವ:
ನಾನಾದರೆ 20ನೇ ಶತಮಾನದ ಭಾಗಕ್ಕೆ ಜಾಸ್ತಿ ಸಮಯ ಕೊಡಿ ಅಂತೀನಿ. 1908ರಲ್ಲಿ ಗಯೆಟಾನೊ ಬಲ್ಲಾರ್ದಿನಿ ಕಟ್ಟಿದ ಮ್ಯೂಸಿಯಂ ಅದು. 1944ರ ಮೇನಲ್ಲಿ ಬಾಂಬ್ ದಾಳಿಗೆ ಸಂಗ್ರಹದ ಬಹುಪಾಲು ಚೂರಾಯಿತು. ಮನುಷ್ಯ ಕೈಚೆಲ್ಲಿ ಕೂರಲಿಲ್ಲ, ಮತ್ತೆ ಮೊದಲಿನಿಂದ ಸಂಗ್ರಹಿಸೋಕೆ ಶುರು ಮಾಡಿದರು. ಪಿಕಾಸೊ, ಮತೀಸ್, ಶಗಾಲ್‌ರಂಥ ದೊಡ್ಡ ಚಿತ್ರಕಾರರು ಮಾಡಿದ ಸೆರಾಮಿಕ್ಸ್ ಅಲ್ಲಿವೆ. ನಿಮ್ಮ ಮನೆಯವರಿಗೆ ಇದನ್ನು ಮೊದಲು ಹೇಳಿ. ಎಲ್ಲಾ ಕೋಣೆ ಮುಗಿಸಲೇಬೇಕು ಅಂತ ಓಡಬೇಡಿ, ಅರ್ಧದಲ್ಲೇ ಕಣ್ಣು ಸೋಲುತ್ತೆ.

ಮಲೆನಾಡಹುಡುಗಿ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಪಿಕಾಸೊ ಹೆಸರು ಕೇಳಿ ಮನೆಯವರು ಒಪ್ಪಿದರು. ಸೋಮವಾರ ಹೋದರೆ ನಡೆಯುತ್ತಾ?

ಜೇಡಿಮಣ್ಣು:
ಸೋಮವಾರ ಬೇಡ, ಅಲ್ಲಿ ರಜೆ. ಮಂಗಳವಾರ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನ ಊರೊಳಗಿನ ಕುಂಬಾರರ ಅಂಗಡಿಗಳಿಗೂ ಇಣುಕಿ, ಇವತ್ತಿಗೂ ಕೈಯಲ್ಲೇ ಬಣ್ಣ ಹಚ್ಚುವವರಿದ್ದಾರೆ.