ಬೆಟ್ಟ ಹತ್ತುವವರ ಬಳಗ: ಇವತ್ತಿನ ಡಾಕ್ಟರ್ ಪ್ರಶ್ನೋತ್ತರ

ಕಾಫಿತೋಟ: ಡಾಕ್ಟ್ರೇ, ಇಂಬಳಕ್ಕೆ ಏನು ಮಾಡೋದು?

ಡಾಕ್ಟರ್: ಉದ್ದ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ತುರುಕಿ. ಕಚ್ಚಿದರೆ ಉಗುರಿನಿಂದ ಸರಿಸಿ ಬಿಡಿಸಿ, ತೊಳೆದು ಬಟ್ಟೆ ಒತ್ತಿ ಹಿಡಿಯಿರಿ.

ಹಾಸನದ ಸೊಸೆ: ಸರ್, ಶನಿವಾರ ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹೊರಟಿದ್ದೇವೆ. ಮಾವನಿಗೆ 56, ಶುಗರ್ ಇದೆ. ಹೋದ ತಿಂಗಳು ಮುಳ್ಳಯ್ಯನಗಿರಿ ಮೆಟ್ಟಿಲಲ್ಲಿ ಎದೆ ಹಿಂಡಿದ ಹಾಗಾಯ್ತಂತೆ. ಆ ತಣ್ಣನೆ ಗಾಳಿಯಲ್ಲೂ ಅಂಗಿ ಒದ್ದೆ. ಕೂತರೆ ಐದು ನಿಮಿಷಕ್ಕೆ ಹೋಯ್ತು, ಎದ್ದು ಹತ್ತಿದರೆ ಮತ್ತೆ ಬಂತು. ಗ್ಯಾಸ್ ಅಂತ ಮಾತ್ರೆ ನುಂಗಿದರು. ಇಸಿಜಿ ನಾರ್ಮಲ್. ಹೋಗಬಹುದಾ?

ಡಾಕ್ಟರ್: ಬೇಡಮ್ಮ. ಹತ್ತಿದರೆ ಬರೋದು, ಕೂತರೆ ಹೋಗೋದು ಅಂದರೆ ಮೊದಲು ಹೃದಯವನ್ನೇ ಅನುಮಾನಿಸಬೇಕು. ರಕ್ತನಾಳ ಕಿರಿದಾಗಿದ್ದರೆ ಸುಮ್ನೆ ಕೂತಾಗ ಸಾಲುವ ರಕ್ತ ಏರು ಹತ್ತುವಾಗ ಸಾಲುವುದಿಲ್ಲ. ಮಲಗಿಸಿ ತೆಗೆದ ಇಸಿಜಿಯಲ್ಲಿ ಅದು ಕಾಣದೇ ಹೋಗಬಹುದು. ಶುಗರ್ ಇದ್ದವರಿಗೆ ನೋವೇ ಸರಿಯಾಗಿ ಗೊತ್ತಾಗದಿರಬಹುದು, ಅದು ಇನ್ನೂ ಕಷ್ಟ. ನಾಳೆಯೇ ಹೃದಯದ ಡಾಕ್ಟರಿಗೆ ತೋರಿಸಿ. ‘ಹತ್ತುವಾಗ ಮಾತ್ರ ಬರುತ್ತೆ’ ಅನ್ನೋದನ್ನು ಬಿಡಿಸಿ ಹೇಳಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅಂತ ಅವರು ನೋಡುತ್ತಾರೆ, ನೀವಾಗೇ ಓಡಿಸಬೇಡಿ. ಅಷ್ಟರೊಳಗೆ ಕೂತಿದ್ದಾಗಲೂ ಬಂದರೆ 108ಕ್ಕೆ ಫೋನ್ ಮಾಡಿ. ಬೆಟ್ಟದ ದಾರಿಯ ಕಲ್ಲು ಮಂಟಪದ ಹತ್ತಿರ ನೋವು ಬಂದರೆ ಯಾವ ಆಂಬ್ಯುಲೆನ್ಸೂ ಇಲ್ಲ, ಹೊತ್ತೇ ಇಳಿಸಬೇಕು.

ದಾವಣಗೆರೆ: ಇಳಿಯುವಾಗ ಮಂಡಿ ನೋಯುತ್ತೆ ಸರ್, ಪಟ್ಟಿ ಕಟ್ಟಬೇಕಾ?

ಮಲೆನಾಡಿಗ: ಫಾರ್ವರ್ಡ್ ಬಂದಿದೆ, ಕರ್ಪೂರ ಮೂಸಿದರೆ ಆಕ್ಸಿಜನ್ ಏರುತ್ತಂತೆ. ಆ ಮಾವನಿಗೆ ಕೊಡಿ.

ಡಾಕ್ಟರ್: ಏರಲ್ಲ. ಮುಳ್ಳಯ್ಯನಗಿರಿ 1,930 ಮೀಟರ್. ಎತ್ತರದಲ್ಲಿ ಆಕ್ಸಿಜನ್ ಸಾಲದೆ ಬರುವ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು 2,500 ದಾಟಿದ ಮೇಲೆ. ಮಗು ಆ ಕರ್ಪೂರ ನುಂಗಿದರೆ ಫಿಟ್ಸ್ ಬರಬಹುದು. ಇಂಥದ್ದನ್ನು ಇಲ್ಲಿ ಹಾಕಬೇಡಿ.

ಮಲೆನಾಡಿಗ: ಹೇಳಿದೆ ಅಷ್ಟೇ. ಅಂದ ಹಾಗೆ ಮುಳ್ಳಯ್ಯನಗಿರಿ ಚಾರಣವೇ ಅಲ್ಲ. ಗಾಡಿ ನಿಲ್ಲಿಸು, ಮೆಟ್ಟಿಲು ಹತ್ತು, ಫೋಟೋ ತೆಗಿ.

ಚಿಕ್ಕಮಗಳೂರು: ಸರ್ಪದಾರಿಯಲ್ಲಿ ನಡೆದು ನೋಡಿ ಸ್ವಾಮಿ, ಆಮೇಲೆ ಮಾತಾಡಿ. ಮಂಜು ಸರಿದರೆ ಬಾಬಾಬುಡನ್ ಸಾಲು ಕಣ್ಣ ಮುಂದೆ.

ಮಲೆನಾಡಿಗ: ಸರಿದರೆ ತಾನೇ? ಮೂರು ಸಲ ಹೋದೆ, ಮೂರು ಸಲವೂ ಬಿಳಿ ಗೋಡೆ.

ಚಿಕ್ಕಮಗಳೂರು: ನಿಮ್ಮ ಹಣೆಬರಹಕ್ಕೆ ಬೆಟ್ಟ ಏನು ಮಾಡುತ್ತೆ?

ಬೆಂಗಳೂರು: ಇಂಬಳಕ್ಕೆ ಉಪ್ಪು ಹಾಕಬಹುದಾ?

ಡಾಕ್ಟರ್: ಮೇಲೆ ಓದಿ.

ಹಾಸನದ ಸೊಸೆ: ಸರ್, ದಾರಿ ಮಧ್ಯದ ಭಟ್ಟರ ಮನೆವರೆಗಾದರೂ ಬರ್ತೀನಿ ಅಂತಾರೆ ಮಾವ.

ಡಾಕ್ಟರ್: ಅಲ್ಲಿಗೆ ಹೋಗೋದೂ ಏರೇ ಅಲ್ವಾ? ಬೇಡ. ಫೋನ್ ಅವರ ಕೈಗೆ ಕೊಡಿ, ಇದನ್ನು ಅವರೇ ಓದಲಿ.

ದಾವಣಗೆರೆ: ಸರ್, ಮಂಡಿ?