ಯಾರ ಅಕ್ಕ?

ನಮ್ಮ ಮನೆ ಗುಂಪಿಗೆ ದಿನಾ ಬೆಳಿಗ್ಗೆ ಚಿಕ್ಕಪ್ಪ ಒಂದು ಫಾರ್ವರ್ಡ್ ಹಾಕುತ್ತಾರೆ. ನಾವು ಓದದೆ ಕೈಮುಗಿಯುವ ಚಿತ್ರ ಒತ್ತಿ ಮುಂದೆ ಹೋಗುತ್ತೇವೆ. ಹೋದ ಭಾನುವಾರ ಸುಮಾ ಓದಿಬಿಟ್ಟಳು.

ಚಿಕ್ಕಪ್ಪ: 🙏 ಕನ್ನಡಿಗರು ಓದಲೇಬೇಕು!! ಫಿನ್ಲೆಂಡಿನಲ್ಲೂ ಅಕ್ಕ, ಜಪಾನಿನಲ್ಲೂ ಅಕ್ಕ, ಉಜ್ಬೇಕಿಸ್ತಾನದಲ್ಲೂ ಅಕ್ಕ! ಎಲ್ಲೆಡೆ ಅರ್ಥ ಒಂದೇ!! ಜಗತ್ತಿನ ಭಾಷೆಗಳೆಲ್ಲ ಕನ್ನಡದ ಮಕ್ಕಳು. ನಿಜವಾದ ಕನ್ನಡಿಗರಾಗಿದ್ದರೆ 10 ಜನರಿಗೆ ಕಳಿಸಿ.

ಸುಮಾ (ಹೆಲ್ಸಿಂಕಿ): ಮಾವ, ದಯವಿಟ್ಟು ಇದನ್ನ ಮುಂದೆ ಕಳಿಸಬೇಡಿ. ಇಲ್ಲಿ ಅಕ್ಕ ಅಂದ್ರೆ ಮುದುಕಿ. ಅದೂ ಮರ್ಯಾದೆ ಮಾತಲ್ಲ. ಗಂಡಸರು ಹೆಂಡತಿ ಬಗ್ಗೆ ಒರಟಾಗಿ ಆಡೋವಾಗ ಬರೋ ಪದ.

ಚಿಕ್ಕಪ್ಪ: ಯಾರು ಹೇಳಿದ್ದು?

ಸುಮಾ: ಅನುಭವ ಹೇಳಿದ್ದು. ಹೋದ ವರ್ಷ ಆಫೀಸಲ್ಲಿ ಊಟದ ಹೊತ್ತಿಗೆ ರೇಖಕ್ಕಂಗೆ ವಿಡಿಯೊ ಕಾಲ್ ಮಾಡಿದ್ದೆ. ನೆಟ್‌ವರ್ಕ್ ಕೈಕೊಡ್ತು. "ಅಕ್ಕಾ, ಅಕ್ಕಾ, ಕೇಳಿಸ್ತಿದ್ಯಾ" ಅಂತ ನಾಲ್ಕು ಸಲ ಕೂಗಿದೆ. ಪಕ್ಕದ ಟೇಬಲ್‌ನವರ ಸೂಪಿನ ಚಮಚ ಅರ್ಧದಲ್ಲೇ ನಿಂತೋಯ್ತು. ಆಮೇಲೆ ಒಬ್ಬಳು ಮೆಲ್ಲಗೆ ಬಂದು, "ಆ ಹುಡುಗಿ ನೋಡೋಕೆ ಚಿಕ್ಕವಳೇ ಇದ್ದಾಳಲ್ಲ, ಯಾಕೆ ಮುದುಕಿ ಮುದುಕಿ ಅಂತ ಕಿರುಚ್ತೀಯ" ಅಂದ್ಲು.

ರೇಖಾ: ಇದನ್ನ ನನಗೆ ಹೇಳೇ ಇಲ್ಲ ನೀನು 😡

ರಘು: ಅಪ್ಪ, ಜಪಾನಿನದ್ದೂ ಬುಡ ಇಲ್ಲದ ಕತೆ. ಅಲ್ಲಿ ನಮ್ಮ ಅಕ್ಕ 'ಅನೆ', ಬೇರೆಯವರ ಅಕ್ಕ 'ಒನೇಸಾನ್'. 'ಅಕ್ಕ' ಅನ್ನೋ ಪದ ಇದೆ, ಆದ್ರೆ ಅದಕ್ಕೆ ಹದಗೆಡೋದು ಅಂತ ಅರ್ಥ. ನಗೋಯಾದಲ್ಲಿ ಇದ್ದಾಗ ವಾರ್ತೆಯಲ್ಲಿ ಕೇಳಿ ಕೇಳಿ ಸಾಕಾಗಿತ್ತು. ರೋಗಿಯ ಸ್ಥಿತಿ ಅಕ್ಕ, ಹವಾಮಾನ ಅಕ್ಕ, ಎರಡು ದೇಶಗಳ ಸಂಬಂಧ ಅಕ್ಕ. ಒತ್ತಕ್ಷರ ಬಿಟ್ಟು 'ಅಕ' ಅಂದ್ರೆ ಕೆಂಪು. ನಮ್ಮ ಹಳಿ, ಹಳ್ಳಿ ಇದ್ದ ಹಾಗೆ.

ರೇಖಾ: ಅಂದ್ರೆ ನಾನು ಊರಿಗೆ ಬಂದಾಗೆಲ್ಲ ಪರಿಸ್ಥಿತಿ ಅಕ್ಕ?

ರಘು: ನಾನು ಹಾಗೆ ಹೇಳಿಲ್ಲ. ಜಪಾನಿನವರು ಹೇಳಿದ್ದು.

ನಾನು: ಚಿಕ್ಕಪ್ಪ, ಉಜ್ಬೇಕ್‌ನಲ್ಲಿ 'ಅಕ' ಅಂದ್ರೆ ಅಣ್ಣ. ಹೆಸರಿನ ಜೊತೆ ಸೇರಿಸಿ ಗೌರವಕ್ಕೂ ಕರೀತಾರೆ. ಅಕ್ಕಂಗೆ 'ಓಪ' ಅಂತಾರೆ.

ಚಿಕ್ಕಪ್ಪ: ಅಣ್ಣನೋ ಅಕ್ಕನೋ ಮುದುಕಿಯೋ, ಎಲ್ಲ ಮನೆ ಹಿರಿಯರೇ ತಾನೆ? ಬೆಂಕಿ ಇಲ್ಲದೆ ಹೊಗೆ ಆಡುತ್ತಾ?

(ಇದು ತಳ್ಳಿಹಾಕುವ ಪ್ರಶ್ನೆ ಅಲ್ಲ. ಜಪಾನಿನದನ್ನು ಬಿಟ್ಟರೆ ಉಳಿದ ಅರ್ಥಗಳು ಒಂದೇ ಅಂಗಳದಲ್ಲಿ ಓಡಾಡುತ್ತವೆ. ನನಗೂ ಒಂದು ಕ್ಷಣ ಉತ್ತರ ಹೊಳೆಯಲಿಲ್ಲ.)

ನಾನು: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಎಂಬಬರಮ್ ಅಂತ ಒಂದು ಮೂಲನಿವಾಸಿಗಳ ಭಾಷೆ ಇತ್ತು. ಅದರಲ್ಲಿ ನಾಯಿಗೆ 'ಡಾಗ್' ಅಂತಾನೇ ಇತ್ತಂತೆ. ಇಂಗ್ಲಿಷಿಗೂ ಅದಕ್ಕೂ ನಂಟಿಲ್ಲ, ಬರೀ ಕಾಕತಾಳೀಯ. ಮನೆಯವರನ್ನ ಕರೆಯೋ ಪದಗಳಲ್ಲಂತೂ ಇದು ಇನ್ನೂ ಜಾಸ್ತಿ, ಮಗು ಬಾಯಿಗೆ ಸುಲಭಕ್ಕೆ ಬರೋ ಸದ್ದುಗಳು ನಾಲ್ಕೇ. ನಮಗೆ ಮಾಮ ಅಂದ್ರೆ ಅಮ್ಮನ ತಮ್ಮ, ಚೀನಾದವರಿಗೆ ಅಮ್ಮ, ಜಾರ್ಜಿಯಾದವರಿಗೆ ಅಪ್ಪ.

ಚಿಕ್ಕಪ್ಪ: ವನಜಾ, ನೀನು 30 ವರ್ಷ ಕನ್ನಡ ಪಾಠ ಮಾಡಿದವಳು. ಸುಮ್ನೆ ಕೂತಿದ್ದೀಯಲ್ಲ. ನಮ್ಮ ಉಡುತಡಿ ಮಹಾದೇವಿ ಎಲ್ಲರಿಗೂ ಅಕ್ಕ ಆಗ್ಲಿಲ್ವಾ? ವಯಸ್ಸು ನೋಡಿ ಕರೆದ್ರಾ?

ವನಜತ್ತೆ: ಅದೊಂದು ಮಾತು ಸರಿ ಅಣ್ಣ. ಶರಣರಲ್ಲಿ ಎಷ್ಟೋ ಜನ ಅವಳಿಗಿಂತ ದೊಡ್ಡವರು. ಅಲ್ಲಿ ಅಕ್ಕ ಅನ್ನೋದು ಸ್ಥಾನ. ಆದ್ರೆ ಫಿನ್ಲೆಂಡ್ ತನಕ ಯಾಕೆ ಹೋಗ್ತೀ, ಪಕ್ಕದಲ್ಲೇ ಇದೆಯಲ್ಲ. ಸಂಸ್ಕೃತದಲ್ಲಿ 'ಅಕ್ಕಾ' ಅಂದ್ರೆ ತಾಯಿ.

ಚಿಕ್ಕಪ್ಪ: ನೋಡಿ! ಪಾಣಿನಿ!

ವನಜತ್ತೆ: ತಡಿ. ಪಾಣಿನಿಯ ವ್ಯಾಕರಣ ಸೂತ್ರದಲ್ಲಿ ಅಕ್ಕ ಇಲ್ಲ. 'ಅಂಬಾರ್ಥನದ್ಯೋರ್ಹ್ರಸ್ವಃ', ತಾಯಿ ಅನ್ನೋ ಅರ್ಥದ ಪದಗಳನ್ನ ಕರೆಯೋವಾಗ ಕೊನೆ ಸ್ವರ ಗಿಡ್ಡ ಮಾಡಬೇಕು ಅಂತ ಅಷ್ಟೇ ಇರೋದು. ಉದಾಹರಣೆ ಕೊಡೋದು ಆ ಸೂತ್ರಗಳ ಮೇಲಿನ ವ್ಯಾಖ್ಯಾನ, ಕಾಶಿಕಾ ವೃತ್ತಿ: ಹೇ ಅಂಬ, ಹೇ ಅಕ್ಕ, ಹೇ ಅಲ್ಲ, ಮೂರೂ ತಾಯಿನೇ. ತಮಾಷೆ ನೋಡು, ಅವರು ಕರೆಯೋವಾಗ ಮೊಟಕು ಮಾಡ್ತಾರೆ, ನಾವು ಕೂಗೋವಾಗ ಅಕ್ಕಾssss ಅಂತ ಎಳೀತೀವಿ. 1856ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್, ಈ ಅಕ್ಕಾ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಪದ ಅಂತ ವಾದಿಸಿದ್ದ. ದ್ರಾವಿಡದಿಂದ ಅಂದ ಅಣ್ಣ, ಕನ್ನಡದಿಂದ ಅನ್ನಲಿಲ್ಲ. ತಮಿಳು, ತೆಲುಗಿನಲ್ಲೂ ಅಕ್ಕ ಅಕ್ಕನೇ.

ರಘು: ಅಕ್ಕ ಹೋಗಿ ತಾಯಿ ಆಗೋದು ಹೇಗೆ ಅತ್ತೆ? ಅದೂ ಕಾಕತಾಳೀಯನಾ?

ವನಜತ್ತೆ: ಅದನ್ನ ನಿಮ್ಮಪ್ಪನ್ನೇ ಕೇಳು. ಅವನು ಹೆತ್ತ ತಾಯಿನ ಏನಂತ ಕರೀತಿದ್ದ?

ದೀಪಾ: ಮಾವ ಯಾವಾಗ್ಲೂ "ಅಕ್ಕ ಮಾಡ್ತಿದ್ದ ಕಡುಬು" ಅಂತಾರಲ್ಲ, ಅದು ಅಜ್ಜಿನಾ?? ನಾನು ಇಷ್ಟು ದಿನ ಮಾವಂಗೆ ಒಬ್ಬರು ಅಕ್ಕ ಇದ್ರು ಅಂದ್ಕೊಂಡಿದ್ದೆ.

ಚಿಕ್ಕಪ್ಪ: ಹೂಂ. ಒಟ್ಟು ಮನೆ. ಸೋದರಮಾವಂದಿರು ಮೂರು ಜನ ನಮ್ಮಲ್ಲೇ ಇದ್ದು ಓದ್ತಿದ್ರು. ಅವರು ಅಕ್ಕ ಅಂತಿದ್ರು, ನಮಗೂ ಅದೇ ಬಾಯಿಗೆ ಬಂತು. ಒಂದನೇ ಕ್ಲಾಸಲ್ಲಿ ಮೇಷ್ಟ್ರು "ಅಮ್ಮ ಏನ್ ಮಾಡ್ತಾರೋ" ಅಂದ್ರು. "ಅಮ್ಮ ಇಲ್ಲ ಸಾ, ಅಕ್ಕ ಇದ್ದಾಳೆ" ಅಂದೆ. ಪಾಪ, ತಬ್ಬಲಿ ಅಂದ್ಕೊಂಡು ಆ ವರ್ಷ ಪೂರ್ತಿ ಶಾಲೆಯಲ್ಲಿ ಕೊಡ್ತಿದ್ದ ಕೇರ್ ಸಂಸ್ಥೆ ಉಪ್ಪಿಟ್ಟು ನನಗೆ ಎರಡು ಸೌಟು.

ವನಜತ್ತೆ: ಮೇಷ್ಟ್ರು ದೀಪಾವಳಿಗೆ ಮನೆಗೇ ಬಂದ್ರು, ತಬ್ಬಲಿ ಮಗುಗೆ ಅಂಗಿ ಬಟ್ಟೆ ಹಿಡ್ಕೊಂಡು. ಬಾಗಿಲು ತೆಗೆದಿದ್ದು ಅಕ್ಕ. ಆಮೇಲೆ ಬೆನ್ನಿಗೆ ಬಿದ್ದಿದ್ದನ್ನೂ ಹೇಳು.

ಸುಮಾ: 😂😂 ಮಾವ, ಆ ಫಾರ್ವರ್ಡ್ ಬಿಟ್ಟು ಈ ಕತೆ 10 ಜನರಿಗೆ ಕಳಿಸಿ.

ಚಿಕ್ಕಪ್ಪ: ಅದು ಆಗಲೇ ವಾಕಿಂಗ್ ಗುಂಪಿಗೆ ಹೋಗಿಬಿಟ್ಟಿದೆ ಮಾರಾಯ್ತಿ. ಅಲ್ಲೊಬ್ಬರು ತಮಿಳಿನವರು, ಅಕ್ಕಾ ನಮ್ಮದು ಅಂತ ಪಟ್ಟು ಹಿಡಿದಿದ್ದಾರೆ. ವನಜಾ, ಆ ಪಾಣಿನಿ ಸೂತ್ರದ ನಂಬರ್ ಎಷ್ಟು?

ವನಜತ್ತೆ: 7.3.107. ಅದು ನಿನಗೂ ಉಪಯೋಗ ಇಲ್ಲ, ಅವರಿಗೂ ಇಲ್ಲ.

ಚಿಕ್ಕಪ್ಪ: ಇರ್ಲಿ. ಕೊಡು.