ಸಹಾಯ ಬೇಕು: ತಂಗಿಗೆ ಕೃಪೆ ಬಗ್ಗೆ ಹ್ಯಾಂಗ ತಿಳಿಸಿ ಹೇಳೋದು? (ಬೀದರ್)

ಎಲ್ಲರಿಗೂ ಕರ್ತನಲ್ಲಿ ವಂದನೆಗಳ್ರಿ. ನಾವು ಬೀದರ್ ಕಡಿಯೋರು, ಅಜ್ಜನ ಕಾಲದಿಂದ ಮೆಥೊಡಿಸ್ಟ್ ಸಭೆ. ತಂಗಿ ಲಗ್ನ ಆಗಿ ಹುಮನಾಬಾದಿಗೆ ಹೋದ ಮ್ಯಾಲ ಒಂದು ಪ್ರಾರ್ಥನಾ ಕೂಟಕ್ಕ ಹೋಗ್ಲಿಕತ್ತಾಳ, ಅಲ್ಲಿ ಬಳಿ ಹಾಕಬ್ಯಾಡ, ಹೂ ಮುಡಿಬ್ಯಾಡ, ಶುಕ್ರವಾರ ಉಪವಾಸ ತಪ್ಪಿದ್ರ ರಕ್ಷಣೆನೇ ಹೋಯ್ತು ಅಂತ ಹೇಳ್ಯಾರ. ಈಗ ಅಕಿಗೆ ಶುಗರ್ ಅದ, ಡಾಕ್ಟರ್ ಉಪವಾಸ ಬ್ಯಾಡ ಅಂದಾರ, ಗುಳಗಿ ಕೈಯಾಗ ಹಿಡ್ಕೊಂಡು ಅಳ್ತಾಳ್ರಿ, ದೇವ್ರು ನನ್ನ ಕೈಬಿಟ್ಟ ಅಂತ.

ನಾ ಬೈಬಲಿನ್ಯಾಗ ಎಫೆಸ 2:8-9 (ರಕ್ಷಣೆ ನಮ್ಮ ಕ್ರಿಯೆಯಿಂದಲ್ಲ, ನಂಬಿಕೆ ಮೂಲಕ ದೇವ್ರ ಕೃಪೆಯಿಂದ ಅಂತ ಹೇಳೋ ವಚನ) ತೋರ್ಸಿದೆ, ಗಲಾತ್ಯ 2ರಾಗ ಪೌಲ ಅಂತಿಯೋಕ್ಯದಾಗ ಪೇತ್ರನಿಗೇ ಎದುರು ನಿಂತಿದ್ದೂ ಹೇಳ್ದೆ, ಪೇತ್ರ ಅನ್ಯಜನರ (ಯೆಹೂದ್ಯರಲ್ಲದವ್ರ) ಜೋಡಿ ಉಣ್ಣೋದು ಬಿಟ್ಟು ಹಿಂದ ಸರಿದಿದ್ನಲ್ಲ ಅದಕ್ಕ. ಅದಕ್ಕ ಅಕಿ, ಹಂಗಾದ್ರ ಹ್ಯಾಂಗ ಬೇಕಾದ್ರೂ ಬದುಕಬಹುದೇನು, ಯಾಕೋಬ 2 (ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಅನ್ನೋ ಅಧ್ಯಾಯ) ಏನ್ ಹೇಳ್ತದ ಅಂತ ಕೇಳ್ತಾಳ. ಛಲೋ ಪ್ರಶ್ನೆನೇ (ಪೌಲನೂ ರೋಮಾ 6ರಾಗ ಇದನ್ನೇ ಎತ್ತ್ಯಾನ), ಆದ್ರ ಸಮಾಧಾನದಿಂದ ಬಿಡಿಸಿ ಹೇಳೋದು ನನಗ ಬರಂಗಿಲ್ಲ, ದನಿ ಏರ್ತದ.

ರೋಮಾ, ಗಲಾತ್ಯ ಚೆಂದಾಗಿ ಓದಿದ ಅಕ್ಕೋರು ಯಾರಾದ್ರೂ ಫೋನಿನ್ಯಾಗ ಅಕಿ ಜೋಡಿ ಮಾತಾಡ್ತೀರೇನ್ರಿ? ಕೂಟದವ್ರಿಗೆ ಬೈಯೋದು ಮಾತ್ರ ಬ್ಯಾಡ, ಅಕಿ ಆಪರೇಷನ್ ಟೈಮಿನ್ಯಾಗ ರಾತ್ರಿಯೆಲ್ಲಾ ದವಾಖಾನಿಯಾಗ ಕುಂತೋರು ಅವ್ರೇ. ಇನ್‌ಬಾಕ್ಸ್ ಮಾಡ್ರಿ, ಮಧ್ಯಾಹ್ನ ಅಕಿ ಫ್ರೀ ಇರ್ತಾಳ.